ಬೆಳೆಗೂ ಬೆಲೆಗೂ ನಡುವೆ

ಕೆಂಪು ಮಸಿಯ ಲೇಖನಿಯನ್ನು ಕೈಯಲ್ಲಿ ಹಿಡಿದವನಿಗೆ ತಾನು ತಪ್ಪಲಾರೆನೆಂಬ ಭ್ರಮೆಯೊಂದು ತಾನಾಗಿ ಬಂದುಬಿಡುತ್ತದೆ. ನನಗೂ ಬಂದಿತ್ತು. ಅದನ್ನು ಬಿಡಿಸಿದುದು ಒಂದೇ ಒಂದು ಅಕ್ಷರ. ಲಕಾರವೋ ಳಕಾರವೋ ಎಂಬ ಒಂದು ಸಣ್ಣ ವ್ಯಾಜ್ಯ.

ಕೆಲವು ವರ್ಷಗಳ ಹಿಂದಿನ ಮಾತು. ಪದವಿಯ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ನಾನು ಕೃಷಿ ಅರ್ಥಶಾಸ್ತ್ರದ ಪ್ರವೇಶ ಪಾಠಗಳನ್ನು ಹೇಳುತ್ತಿದ್ದೆ. ಕಿರುಪರೀಕ್ಷೆಯೊಂದರಲ್ಲಿ, ಕೃಷಿ ಉತ್ಪನ್ನಗಳ ಬೇಡಿಕೆಯ ಲಕ್ಷಣಗಳನ್ನು ಉದಾಹರಣೆಯೊಡನೆ ವಿವರಿಸಿರಿ ಎಂದು ಕೇಳಿದ್ದೆ. ಕೊಟ್ಟೂರಿನ ಕಡೆಯ ಹುಡುಗನೊಬ್ಬ ಪುಸ್ತಕದ ವ್ಯಾಖ್ಯೆಗಳನ್ನೆಲ್ಲ ಬದಿಗಿಟ್ಟು ತನ್ನ ಉತ್ತರವನ್ನು ಹೀಗೆ ಆರಂಭಿಸಿದ್ದ: "ನಮ್ಮ ಊರಿನಲ್ಲಿ ಮಳೆ ಕೈಕೊಟ್ಟ ವರ್ಷ ಬೆಲೆ ಚೆನ್ನಾಗಿ ಬರುತ್ತದೆ." ನಾನು 'ಬೆಲೆ'ಯ ಲಕಾರವನ್ನು ಹೊಡೆದು ಹಾಕಿ ಮೇಲೆ 'ಳೆ' ಎಂದು ಬರೆದೆ. ಹಾಗೆ ತಿದ್ದಿದ ಮೇಲೆ ವಾಕ್ಯ ಅಸಂಬದ್ಧವಾಗಿ ಕಂಡಿತು. ಆದುದರಿಂದ ಅಂಚಿನಲ್ಲಿ, "ಮಳೆಯಿಲ್ಲದೆ ಬೆಳೆ ಹೇಗೆ ಚೆನ್ನಾಗಿ ಬರುತ್ತದೆ?" ಎಂದು ಪ್ರಶ್ನೆ ಬರೆದು ಎರಡು ಅಂಕಗಳನ್ನು ಕಳೆದೆ. ತಪ್ಪನ್ನು ನಾನೇ ಮಾಡಿ, ಅದಕ್ಕೆ ದಂಡವನ್ನು ಅವನ ಮೇಲೆ ಹಾಕಿದ್ದೆ!

ಪತ್ರಿಕೆಗಳನ್ನು ಹಿಂದಿರುಗಿಸಿದ ಸಂಜೆ ಹುಡುಗ ನನ್ನ ಕೊಠಡಿಯ ಬಾಗಿಲಲ್ಲಿ ನಿಂತ.

"ಸರ, ಅದು ಅಕ್ಷರದ ತಪ್ಪಲ್ರಿ. ನಾನು ಬರ್ದಿದ್ದು ಬೆಲೆ ಅಂತಾನೇ."

ನಾನು ಮತ್ತೊಮ್ಮೆ ಓದಿದೆ. ಒಂದು ಇಡೀ ಅಧ್ಯಾಯದಲ್ಲಿ ನಾನು ಹೇಳಲು ಹೆಣಗಿದ್ದನ್ನು ಅವನು ಒಂದು ವಾಕ್ಯದಲ್ಲಿ ಹೇಳಿ ಮುಗಿಸಿದ್ದ. ನಾಚಿಕೆಯಿಂದ ಲೇಖನಿಯನ್ನು ಹುಡುಕುತ್ತಿರುವಾಗ ಅವನು ಇನ್ನೊಂದು ಮಾತು ಸೇರಿಸಿದ.

"ಅಂಕ ಇರ್ಲಿ ಬಿಡ್ರಿ ಸರ. ಈ ವರ್ಷ ಬೆಳೆ ಬಂದೈತಿ, ಬೆಲೆ ಬಂದಿಲ್ಲ. ನಮ್ಮಪ್ಪ ಉಳ್ಳಾಗಡ್ಡಿ ಹೊಲಕ್ಕ ಕುರಿ ಬಿಡ್ತೀನಿ ಅಂತಾನ. ಬಿಡಬೇಕೋ ಬ್ಯಾಡೋ, ನಿಮ್ಮ ಶಾಸ್ತ್ರದಾಗ ಏನೈತ್ರಿ?"

ಆ ಹೊಲದ ಹಣದಲ್ಲಿಯೇ ಅವನ ಮುಂದಿನ ವರ್ಷದ ಶುಲ್ಕ ಸೇರಿತ್ತೆಂಬುದನ್ನು ಅವನು ಹೇಳಲಿಲ್ಲ. ನಾನು ಬೇರೆಯವರಿಂದ ತಿಳಿದೆ. ಶಾಸ್ತ್ರದಲ್ಲಿ ಏನಿದೆಯೆಂದು ಹೇಳುವ ಧೈರ್ಯ ಅಂದು ನನಗಾಗಲಿಲ್ಲ. ಭಾನುವಾರ ನಿಮ್ಮೂರಿಗೆ ಬರುತ್ತೇನೆ ಎಂದೆ.

ಅವನ ಊರು ಇರುವುದು ಹಳೆಯ ಕೋಗಳಿ ನಾಡಿನಲ್ಲಿ. ಶಾಸನಗಳು ಇದನ್ನು 'ಕೋಗಳಿ ಐನೂರು' ಎಂದು ಕರೆಯುತ್ತವೆ. ನೊಳಂಬವಾಡಿಯ ಒಂದು ವಿಭಾಗವಾಗಿದ್ದ ಸೀಮೆ ಇದು. ಆ ಹೆಸರನ್ನು ಕೊಟ್ಟ ಕೋಗಳಿ ಈಗ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿನ ಪ್ರಾಚೀನ ಜೈನ ಬಸದಿಯನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಇವೆಲ್ಲ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಅದೂ ಬಂದರೆ ಬಂತು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹರಿಯತೊಡಗಿತು. ಹಿನ್ನೀರು ಈ ಸೀಮೆಯ ಅಂಚನ್ನು ಮುಟ್ಟಿತು. ಆದರೆ ದೊಡ್ಡ ಕಾಲುವೆಗಳು ತಗ್ಗಿನ ದಿಕ್ಕನ್ನು ಹಿಡಿದು ಬೇರೆಡೆಗೆ ಹೊರಟವು. ಇಲ್ಲಿನ ಹೊಲಗಳು ಬಹುಪಾಲು ಮುಗಿಲನ್ನೂ ಕೊಳವೆ ಬಾವಿಯನ್ನೂ ನಂಬಿದವು. ಜೋಳ, ಸಜ್ಜೆ, ಶೇಂಗಾ, ಮೆಕ್ಕೆಜೋಳ, ಈರುಳ್ಳಿ ಇಲ್ಲಿಯ ಬೆಳೆಗಳು. ತಮಿಳುನಾಡಿನ ಪೇಟೆಗಳಲ್ಲಿ ದಪ್ಪ ಈರುಳ್ಳಿಗೆ ಇಂದಿಗೂ 'ಬಳ್ಳಾರಿ'ಯ ಹೆಸರೇ ಇದೆ. ಹೆಸರು ಅಷ್ಟು ದೂರ ಹೋಗಿದೆ. ಹೆಸರಿನ ಜೊತೆಗೆ ಹಣವೂ ಬಂದಿತೇ ಎಂಬುದು ಬೇರೆ ಪ್ರಶ್ನೆ.

ಹೊಲದ ಬದುವಿನ ಮೇಲೆ ಹುಡುಗನ ತಂದೆ ಕಂಬಳಿ ಹಾಸಿ, "ಬರ್ರಿ ಸರ, ಕುಂದರ್ರಿ" ಎಂದರು. ಎದುರಿಗೆ ಕಿತ್ತು ಹಾಕಿದ ಈರುಳ್ಳಿಯ ಸಾಲುಗಳು. ಆಚೆಗೆ ಇನ್ನೂ ಕೀಳದ ಅರ್ಧ ಹೊಲ. ಗಡ್ಡೆಗಳು ದುಂಡಗೆ, ತುಂಬಿಕೊಂಡು, ಕಣ್ಣಿಗೆ ಹಬ್ಬವಾಗಿದ್ದವು. ಇಂಥ ಬೆಳೆಯನ್ನು ನೋಡಿ ರೈತನ ಮುಖ ಬಾಡಿರಬೇಕಾದರೆ, ಲೋಕದ ಲೆಕ್ಕದಲ್ಲಿ ಎಲ್ಲಿಯೋ ಒಂದು ಗಂಟು ಇರಬೇಕು.

ಆ ಗಂಟು ಹೊಸದಲ್ಲ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಗ್ರೆಗರಿ ಕಿಂಗ್ ಎಂಬ ಲೆಕ್ಕಿಗನಿದ್ದ. ಧಾನ್ಯದ ಕೊರತೆಗೂ ಬೆಲೆಗೂ ಇರುವ ಸಂಬಂಧವನ್ನು ತೋರಿಸುವ ಒಂದು ಪಟ್ಟಿ ಅವನ ಹೆಸರಿನಲ್ಲಿ ಉಳಿದಿದೆ. 1699ರಲ್ಲಿ ಚಾರ್ಲ್ಸ್ ಡಾವೆನಂಟನು ಅದನ್ನು ಪ್ರಕಟಿಸಿದನು. ಫಸಲು ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಬೆಲೆ ಹತ್ತರಲ್ಲಿ ಮೂರು ಪಾಲು ಏರುತ್ತದೆ. ಎರಡು ಪಾಲು ಕಡಿಮೆಯಾದರೆ ಎಂಟು ಪಾಲು ಏರುತ್ತದೆ. ಅರ್ಧಕ್ಕೆ ಅರ್ಧ ಕಡಿಮೆಯಾದರೆ ಬೆಲೆ ನಾಲ್ಕೂವರೆ ಪಟ್ಟಿನಷ್ಟು ಹೆಚ್ಚುತ್ತದೆ. ಕಾರಣ ಕಷ್ಟವಾದುದಲ್ಲ. ಮನುಷ್ಯನ ಹೊಟ್ಟೆ ಇರುವಷ್ಟೇ ಇದೆ. ಈರುಳ್ಳಿ ಅಗ್ಗವಾಯಿತೆಂದು ಯಾರೂ ಸಾರಿಗೆ ಎರಡರಷ್ಟು ಹಾಕುವುದಿಲ್ಲ; ತುಟ್ಟಿಯಾಯಿತೆಂದು ಪೂರ್ತಿ ಬಿಡುವವರೂ ಕಡಿಮೆ. ಬೆಲೆ ಬಹಳ ಬದಲಾದರೂ ಕೊಳ್ಳುವ ಪ್ರಮಾಣ ಸ್ವಲ್ಪವೇ ಬದಲಾಗುವ ಈ ಗುಣಕ್ಕೆ ನಮ್ಮ ಶಾಸ್ತ್ರದಲ್ಲಿ 'ಬೇಡಿಕೆಯ ಸ್ಥಿತಿಸ್ಥಾಪಕತ್ವ ಕಡಿಮೆ' ಎಂಬ ಭಾರವಾದ ಹೆಸರಿದೆ.

ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳೋಣ. ಒಂದು ಊರಿನಲ್ಲಿ 100 ಚೀಲ ಬೆಳೆದಾಗ ಚೀಲಕ್ಕೆ 1,000 ರೂಪಾಯಿ ಸಿಕ್ಕರೆ, ಊರಿಗೆ ಬಂದ ಹಣ ಒಂದು ಲಕ್ಷ. ಮುಂದಿನ ವರ್ಷ ಎಲ್ಲೆಡೆಯೂ ಮಳೆ ಹದವಾಗಿ ಅದೇ ಊರು 130 ಚೀಲ ಬೆಳೆದು, ಬೆಲೆ 600ಕ್ಕೆ ಇಳಿದರೆ, ಬಂದ ಹಣ 78,000. ದುಡಿಮೆ ಹೆಚ್ಚು, ಫಸಲು ಹೆಚ್ಚು, ಕೈಗೆ ಬಂದುದು ಮಾತ್ರ ಕಡಿಮೆ. ಹುಡುಗ ಬರೆದಿದ್ದುದು ಇದನ್ನೇ.

ಹಾಗಾದರೆ ಎಲ್ಲರೂ ಸ್ವಲ್ಪ ಕಡಿಮೆ ಬೆಳೆಯಬಾರದೇಕೆ? ಈ ಪ್ರಶ್ನೆಯನ್ನು ನಾನು ತಂದೆಯವರಿಗೆ ಕೇಳಿದೆ. ಅವರು ನಕ್ಕರು. "ನಾನೊಬ್ಬ ಕಡಿಮಿ ಹಾಕಿದ್ರ ರೇಟು ಏರತೈತೇನ್ರಿ? ನನ್ನ ಚೀಲ ಕಡಿಮಿ ಆಗತಾವು, ಅಷ್ಟ."

ಪಟ್ಟಣದ ಕಾರ್ಖಾನೆಯವನು ತನ್ನ ಸಾಮಾನಿಗೆ ತಾನೇ ಬೆಲೆಯ ಚೀಟಿ ಅಂಟಿಸಿ ಕಳಿಸುತ್ತಾನೆ. ಲಕ್ಷಾಂತರ ರೈತರಲ್ಲಿ ಒಬ್ಬನಾದ ಇವರು ಪೇಟೆ ಹೇಳಿದ ಬೆಲೆಯನ್ನು ಕೇಳಿಕೊಂಡು ಬರಬೇಕು. ಪ್ರತಿಯೊಬ್ಬನಿಗೂ ವಿವೇಕವಾಗಿ ಕಾಣುವುದು ಎಲ್ಲರೂ ಒಟ್ಟಿಗೆ ಮಾಡಿದಾಗ ಅನರ್ಥವಾಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಇನ್ನೊಂದು ತೊಡಕೂ ಇದೆ. ಹಿಂದಿನ ವರ್ಷ ಈರುಳ್ಳಿಗೆ ಒಳ್ಳೆಯ ಬೆಲೆ ಬಂದಿತ್ತು. ಪಕ್ಕದ ಹೊಲದವರು ಮನೆಗೆ ತಾರಸಿ ಹಾಕಿಸಿದ್ದರು. ಅದನ್ನು ಕಂಡು ಇವರು ಶೇಂಗಾ ಬಿಟ್ಟು ಈರುಳ್ಳಿ ಹಾಕಿದರು. ಇವರಂತೆಯೇ ಹತ್ತು ಹಳ್ಳಿಯವರು ಹಾಕಿದರು. ಬೀಜ ಬಿತ್ತುವುದು ಹೋದ ವರ್ಷದ ಬೆಲೆಯನ್ನು ನೋಡಿ. ಬೆಳೆ ಮಾರುವುದು ಈ ವರ್ಷದ ಬೆಲೆಗೆ. ಬೆಲೆ ಕುಸಿದುದನ್ನು ಕಂಡು ಮುಂದಿನ ವರ್ಷ ಎಲ್ಲರೂ ಬಿಡುತ್ತಾರೆ. ಆಗ ಬೆಲೆ ಮತ್ತೆ ಏರುತ್ತದೆ. ಈ ಏರಿಳಿತವನ್ನು ನಕ್ಷೆಯಲ್ಲಿ ಬರೆದರೆ ಗೆರೆಗಳು ಸುತ್ತಿ ಸುತ್ತಿ ಜೇಡನ ಬಲೆಯಂತೆ ಕಾಣುತ್ತವೆ. ಅರ್ಥಶಾಸ್ತ್ರಜ್ಞರು 1930ರ ದಶಕದಲ್ಲಿ ಇದಕ್ಕೆ ಆ ಬಲೆಯ ಹೆಸರನ್ನೇ ಇಟ್ಟರು. ಬಲೆಯನ್ನು ನೇಯುವವರೂ ರೈತರೇ, ಸಿಕ್ಕಿಬೀಳುವವರೂ ಅವರೇ. ಆದರೆ ಅದಕ್ಕಾಗಿ ಅವರನ್ನು ಹೀಗಳೆಯುವುದು ತರವಲ್ಲ. ಮುಂದಿನ ಬೆಲೆಯನ್ನು ತೋರಿಸುವ ಬೇರೆ ಯಾವ ಕನ್ನಡಿಯನ್ನೂ ನಾವು ಅವರ ಕೈಗೆ ಕೊಟ್ಟಿಲ್ಲ.

ಈಗ ಕುರಿಯ ಪ್ರಶ್ನೆ. ತಂದೆಯವರು ಒಂದು ಕಡ್ಡಿಯನ್ನು ತೆಗೆದುಕೊಂಡು ಮಣ್ಣಿನ ಮೇಲೆ ಲೆಕ್ಕ ಬರೆದರು. ಬೀಜ, ಗೊಬ್ಬರ, ಔಷಧ, ಕಳೆ, ನೀರು, ಎಲ್ಲ ಸೇರಿ ಚೀಲಕ್ಕೆ ಸುಮಾರು 400 ರೂಪಾಯಿ ಆಗಲೇ ಖರ್ಚಾಗಿತ್ತು. ಇನ್ನು ಮೇಲೆ ಕೀಳುವ, ಕೊಯ್ಯುವ ಕೂಲಿ, ಚೀಲ, ಲಾರಿ ಬಾಡಿಗೆ, ಹಮಾಲಿ, ಇವೆಲ್ಲ ಸೇರಿ ಚೀಲಕ್ಕೆ 220. ಬೆಂಗಳೂರಿನ ಯಶವಂತಪುರದ ಪೇಟೆಯಿಂದ ಅಂದು ಬೆಳಿಗ್ಗೆ ತಿಳಿದ ಧಾರಣೆ ಚೀಲಕ್ಕೆ 260. "620 ಖರ್ಚು ಮಾಡಿ 260ಕ್ಕ ಮಾರೋದು ಯಾವ ಬುದ್ಧಿವಂತಿಕಿರಿ? ಕುರಿ ತಿಂದ್ರ ಪುಣ್ಯನಾರ ಬರತೈತಿ."

ಅವರ ನೋವು ನ್ಯಾಯವಾದುದು. ಲೆಕ್ಕ ಮಾತ್ರ ತುಸು ತಪ್ಪಿತ್ತು. ಆ 400 ರೂಪಾಯಿ ಮಾರಿದರೂ ಹಿಂದಿರುಗದು, ಮಾರದಿದ್ದರೂ ಹಿಂದಿರುಗದು. ಅದು ಮಣ್ಣಿಗೆ ಸೇರಿದ ಹಣ. ಇಂದು ಕೇಳಬೇಕಾದುದು ಇಷ್ಟೇ: ಇನ್ನು ಮುಂದೆ ಮಾಡಬೇಕಾದ 220ಕ್ಕಿಂತ ಹೆಚ್ಚು ಬರುವುದೇ? ಬಂದರೆ, ಎಷ್ಟು ಸ್ವಲ್ಪವಾದರೂ, ಮಾರುವುದು ಮೇಲು: ನಷ್ಟ 400ರಿಂದ 360ಕ್ಕೆ ಇಳಿಯುತ್ತದೆ. ಧಾರಣೆ 220ಕ್ಕಿಂತ ಕೆಳಗಿಳಿದ ದಿನ ಹೊಲಕ್ಕೆ ಕುರಿ ಬಿಡುವುದೇ ಶಾಸ್ತ್ರಸಮ್ಮತ. ಕುರಿಮಂದೆಯನ್ನು ರಾತ್ರಿ ಹೊಲದಲ್ಲಿ ತರುಬಿದರೆ ಮುಂದಿನ ಬೆಳೆಗೆ ಗೊಬ್ಬರವೂ ಆಗುತ್ತದೆ. ಫಸಲನ್ನು ಕುರಿಗೆ ಬಿಟ್ಟ ರೈತನ ಚಿತ್ರವನ್ನು ಪತ್ರಿಕೆಯಲ್ಲಿ ಕಂಡು, ಅಯ್ಯೋ, ಕೋಪದಲ್ಲಿ ಅನ್ನವನ್ನು ಚೆಲ್ಲಿದನಲ್ಲ ಎಂದು ಮರುಗುವ ಪಟ್ಟಣಿಗರು ಇದನ್ನು ತಿಳಿಯಬೇಕು. ಅನೇಕ ಸಲ ಅದು ಕೋಪವಲ್ಲ. ಕಣ್ಣೀರಿನಲ್ಲಿ ಮಾಡಿದ ಸರಿಯಾದ ಗಣಿತ.

ತಂದೆಯವರು ಬಹಳ ಹೊತ್ತು ಆ ಅಂಕಿಗಳನ್ನು ನೋಡಿದರು. ಬಳಿಕ, ದಪ್ಪ ಗಡ್ಡೆಗಳನ್ನು ಆರಿಸಿ ಲಾರಿಗೆ ಹಾಕುವುದು, ಸಣ್ಣವನ್ನೂ ಕೊನೆಯ ಸಾಲುಗಳನ್ನೂ ಕುರಿಗೆ ಬಿಡುವುದು ಎಂದು ತೀರ್ಮಾನವಾಯಿತು. ಆರಿಸಿದ ಮಾಲಿಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಸಿಗುತ್ತದೆಂಬುದನ್ನು ನನಗೆ ಕಲಿಸಿದವರು ಅವರೇ.

"ಒಂದು ತಿಂಗಳು ಕಾಯಬಾರದೇ?" ಎಂದು ನಾನು ಕೇಳಿದುದುಂಟು. ಉತ್ತರ ಎರಡಾಗಿತ್ತು. ಮೊದಲನೆಯದು, ಮಳೆಗಾಲದ ಈರುಳ್ಳಿ ಕಾಯುವುದಿಲ್ಲ, ಕೊಳೆಯುತ್ತದೆ. ಅಜ್ಜನ ಕಾಲದಲ್ಲಿ ಜೋಳವನ್ನು ನೆಲದೊಳಗಿನ ಹಗೇವಿಗೆ ಸುರಿದು ಬಾಯಿ ಮುಚ್ಚಿದರೆ ವರ್ಷಗಟ್ಟಲೆ ನಿಶ್ಚಿಂತೆ. ಹಗೇವು ಧಾನ್ಯದ ಕಣಜ ಮಾತ್ರವಲ್ಲ, ರೈತನ ಪಾಲಿಗೆ ಕಾಯುವ ಶಕ್ತಿಯೂ ಆಗಿತ್ತು. ಹಣದ ಬೆಳೆಗೆ ಹೊರಳಿದಾಗ ಆದಾಯದ ಆಸೆಯೊಡನೆ ಈ ಕಾಯುವ ಶಕ್ತಿಯ ನಷ್ಟವೂ ಬಂದಿತು.

ಎರಡನೆಯ ಉತ್ತರ ಸಾಲ. ಬಿತ್ತುವಾಗ ಮುಂಗಡ ಕೊಟ್ಟವನು ಕೊಯ್ಯುವಾಗ ಬಾಗಿಲಿಗೆ ಬರುತ್ತಾನೆ. ಮುಂಗಡ ಕೊಟ್ಟವನ ಅಂಗಡಿಗೇ ಮಾಲು ಹಾಕಬೇಕು. ಅಲ್ಲಿ ಬೆಲೆಯ ಮಾತಿಗಿಂತ ಋಣದ ಮಾತು ದೊಡ್ಡದು. ಈ ಕಷ್ಟವನ್ನು ನಮ್ಮ ಹಿರಿಯರು ಕಾಣದೆ ಇರಲಿಲ್ಲ. ಹಡಗಲಿಯಿಂದ ತುಂಗಭದ್ರೆಯನ್ನು ದಾಟಿ ಗದಗಿನ ಕಡೆಗೆ ಹೋದರೆ ಕಣಗಿನಹಾಳ ಎಂಬ ಊರಿದೆ. 1904ರ ಕಾಯಿದೆಯ ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಭಾರತದ ಮೊದಲ ಕೃಷಿ ಸಹಕಾರ ಪತ್ತಿನ ಸಂಘವನ್ನು ಕಟ್ಟಿದರು. ಆದರೂ 1951-52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ ನಡೆದಾಗ, ರೈತ ಪಡೆದ 100 ರೂಪಾಯಿ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಸುಮಾರು 3 ರೂಪಾಯಿ. ಲೇವಾದೇವಿಗಾರರದು ಸುಮಾರು 70. ಆ ಲೆಕ್ಕ ಈಗ ಬಹಳ ಬದಲಾಗಿದೆ; ಬ್ಯಾಂಕುಗಳೂ ಸಂಘಗಳೂ ಹಳ್ಳಿಗೆ ಬಂದಿವೆ. ಆದರೆ ಅವಸರದ ಸಾಲಕ್ಕೆ ರಾತ್ರಿ ಬಾಗಿಲು ತೆರೆಯುವವನು ಇಂದಿಗೂ ಆ ಹಳೆಯ ಅಂಗಡಿಯವನೇ.

ಪೇಟೆಯನ್ನು ತಿದ್ದುವ ಯತ್ನವೂ ಹಳೆಯದೇ. ಒಂದು ಕಾಲಕ್ಕೆ ವರ್ತಕರು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಗೊತ್ತುಮಾಡುತ್ತಿದ್ದರು. ಮಾಲಿನ ಒಡೆಯನಿಗೇ ಅದು ಗುಟ್ಟು. ಬಳ್ಳಾರಿ ಸೀಮೆ ಮದರಾಸು ಪ್ರಾಂತಕ್ಕೆ ಸೇರಿದ್ದಾಗ, 1933ರಲ್ಲಿ, ವಾಣಿಜ್ಯ ಬೆಳೆಗಳ ಪೇಟೆಗೆ ಒಂದು ಕಾಯಿದೆ ಬಂದಿತು. 1953ರಲ್ಲಿ ಈ ತಾಲ್ಲೂಕುಗಳು ಮೈಸೂರನ್ನು ಸೇರಿದ ಮೇಲೆ, 1966ರ ಕೃಷಿ ಉತ್ಪನ್ನ ಮಾರಾಟದ ಕಾಯಿದೆ ಬಂದಿತು. ಬಹಿರಂಗ ಸವಾಲು, ಸರಿಯಾದ ತೂಕ, ಕಾಣುವಂತೆ ಬರೆದ ಧಾರಣೆ, ಇವು ಅದರ ಗುರಿ. 2014ರಿಂದ ಕರ್ನಾಟಕದ ಪೇಟೆಗಳು ಒಂದೊಂದಾಗಿ ಯಂತ್ರದ ಮೂಲಕ ಏಕೀಕೃತ ಹರಾಜಿಗೆ ಸೇರಿದುವು. ಇವೆಲ್ಲ ಒಳ್ಳೆಯವೇ. ಇವು ಮೋಸವನ್ನು ತಡೆಯಬಲ್ಲವು. ಆದರೆ ಮೋಸವೇ ಇಲ್ಲದ ಪೇಟೆಯಲ್ಲಿಯೂ ಹೆಚ್ಚು ಬೆಳೆದ ಈರುಳ್ಳಿಯ ಬೆಲೆ ಇಳಿದೇ ತೀರುತ್ತದೆ.

ಸರಕಾರ ಕೈ ಹಿಡಿಯುವುದಿಲ್ಲವೇ? 1965ರಲ್ಲಿ ಕೃಷಿ ಬೆಲೆಗಳ ಆಯೋಗ ಏರ್ಪಟ್ಟಿತು. ಜೋಳ, ಮೆಕ್ಕೆಜೋಳ, ಶೇಂಗಾಗಳಿಗೆ ಕನಿಷ್ಠ ಬೆಂಬಲ ಬೆಲೆ ಸಾರಲಾಗುತ್ತದೆ. ಆ ಪಟ್ಟಿಯಲ್ಲಿ ಈರುಳ್ಳಿ ಇಲ್ಲ. ಬೆಲೆ ಏರಿದಾಗ ಮಾತ್ರ ಕೈ ಬೇಗ ಏಳುತ್ತದೆ: 2023ರ ಡಿಸೆಂಬರಿನಲ್ಲಿ ಈರುಳ್ಳಿಯ ರಫ್ತನ್ನು ನಿಷೇಧಿಸಿ, 2024ರ ಮೇ ತಿಂಗಳಲ್ಲಿ ತೆರವು ಮಾಡಿದರು. ಬಿದ್ದಾಗ ನೆಲವಿಲ್ಲ, ಎದ್ದಾಗ ಸೂರು ತಗುಲುತ್ತದೆ ಎಂದು ರೈತ ದೂರಿದರೆ ಆ ದೂರಿನಲ್ಲಿ ಹುರುಳಿದೆ.

ಇಲ್ಲಿಗೆ ಪಾಠ ಮುಗಿಯಿತೆಂದು ನಾನು ಎದ್ದೆ. ಆದರೆ ಅದು ಮುಗಿದಿರಲಿಲ್ಲ.

ಸಾಲಿನಲ್ಲಿ ಕುಳಿತು ಈರುಳ್ಳಿಯ ಗರಿ ಕೊಯ್ಯುತ್ತಿದ್ದ ಹೆಂಗಸರಲ್ಲಿ ವಯಸ್ಸಾದ ಒಬ್ಬಾಕೆ ನಮ್ಮ ಮಾತನ್ನೆಲ್ಲ ಕೇಳುತ್ತಿದ್ದಳು. ಕುಡುಗೋಲನ್ನು ನಿಲ್ಲಿಸದೆಯೇ ಹೇಳಿದಳು: "ಯಪ್ಪಾ, ಹೋದ ವರ್ಷ ರೇಟು ಬಂತು, ರೇಟು ಬಂತು ಅಂದ್ರು. ನಮಗೇನು ಬಂತು? ಮಳಿ ಇಲ್ಲ, ಕೂಲಿ ಇಲ್ಲ. ಗುಳೆ ಹೋದ್ವಿ. ಅಲ್ಲಿ ಉಳ್ಳಾಗಡ್ಡಿ ಕೊಳ್ಳಾಕ ರೊಕ್ಕ ಇರ್ಲಿಲ್ಲ. ಈ ವರ್ಷ ಕೈತುಂಬ ಕೂಲಿ ಐತಿ, ಸೆರಗಿನಾಗ ನಾಕು ಗಡ್ಡೀನೂ ಅದಾವು."

ಬೆಳೆಗೂ ಬೆಲೆಗೂ ನಡುವೆ ಕುಳಿತಿದ್ದ ಇವಳನ್ನು ನನ್ನ ಪಾಠವೂ ಕಂಡಿರಲಿಲ್ಲ, ಹುಡುಗನ ವಾಕ್ಯವೂ ಕಂಡಿರಲಿಲ್ಲ. ಹೊಲವಿಲ್ಲದವರಿಗೆ ದುಬಾರಿಯ ವರ್ಷವೆಂದರೆ ಎರಡು ಪೆಟ್ಟು: ಮಳೆ ಹೋದಾಗ ಕೂಲಿ ಹೋಗುತ್ತದೆ, ಕೂಲಿ ಹೋದಾಗಲೇ ಬೆಲೆ ಏರುತ್ತದೆ. ಈ ಸೀಮೆ ಅದರ ಘೋರರೂಪವನ್ನು ಕಂಡಿದೆ. 1876ರಿಂದ 1878ರ ವರೆಗಿನ ಮಹಾಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆ ಅತ್ಯಂತ ಹೆಚ್ಚು ನೊಂದ ಜಿಲ್ಲೆಗಳಲ್ಲೊಂದು. 1871ರ ಗಣತಿಗಿಂತ 1881ರ ಗಣತಿಯಲ್ಲಿ ಅದರ ಜನಸಂಖ್ಯೆ ಇಳಿಯಿತು. ಆಗ ರೈಲು ಇತ್ತು, ಧಾನ್ಯವೂ ಚಲಿಸುತ್ತಿತ್ತು, ಹಿಂದೂಸ್ಥಾನದ ಬಂದರುಗಳಿಂದ ಗೋಧಿ ಹೊರದೇಶಕ್ಕೂ ಹೋಗುತ್ತಿತ್ತು. ಪರಿಹಾರದ ಕೆಲಸಕ್ಕೆ ಬಂದವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯವೂ ಅತ್ಯಲ್ಪ ಕಾಸೂ ಸಾಕೆಂದು ರಿಚರ್ಡ್ ಟೆಂಪಲ್ ಗೊತ್ತುಮಾಡಿದರೆ, ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಅದು ಸಾಲದೆಂದು ಪ್ರತಿಭಟಿಸಬೇಕಾಯಿತು. ಕೂಲಿಯಿಲ್ಲದುದೇ ಜನರ ಮೊದಲ ಸಂಕಟವೆಂಬುದನ್ನು 1880ರ ಕ್ಷಾಮ ಆಯೋಗವೂ ಗುರುತಿಸಿತು. ನೂರು ವರ್ಷಗಳ ತರುವಾಯ, 1981ರಲ್ಲಿ, ಅಮರ್ತ್ಯ ಸೇನರು ಬೇರೆ ಕ್ಷಾಮಗಳನ್ನು ಪರಿಶೀಲಿಸಿ, ಜನ ಸಾಯುವುದು ಆಹಾರವಿಲ್ಲವೆಂದು ಮಾತ್ರವಲ್ಲ, ಅದನ್ನು ಪಡೆಯುವ ಹಕ್ಕು ಕೈತಪ್ಪಿತೆಂದು ಎಂಬುದನ್ನು ಶಾಸ್ತ್ರವಾಗಿ ನಿರೂಪಿಸಿದರು. ಆ ಮುದುಕಿಗೆ ಇದು ಶಾಸ್ತ್ರವಲ್ಲ, ಹೋದ ವರ್ಷದ ಸಂಗತಿ.

ಹಾಗೆಂದು ರೈತನಿಗೆ ಬೆಲೆ ಬೇಡವೆನ್ನಲಾದೀತೇ? ಆಗದು. ಇಬ್ಬರ ನ್ಯಾಯವೂ ನಿಜ. ರೈತನಿಗೆ ಕೆಳಗೆ ಒಂದು ನೆಲ, ಕೂಲಿಯವಳಿಗೆ ಮಳೆಯಿಲ್ಲದ ವರ್ಷವೂ ದುಡಿಮೆ, ಇಬ್ಬರಿಗೂ ಕಾಯುವ ಶಕ್ತಿ, ಇಷ್ಟನ್ನು ಒಟ್ಟಿಗೆ ಹೊಂದಿಸುವುದು ಹೇಗೆಂಬುದೇ ಕೃಷಿ ಅರ್ಥಶಾಸ್ತ್ರದ ನಿಜವಾದ ಪ್ರಶ್ನೆ. ಉಳಿದ ವ್ಯಾಖ್ಯೆಗಳೆಲ್ಲ ಅದಕ್ಕೆ ಪೀಠಿಕೆ.

ಲಾರಿ ಆ ರಾತ್ರಿಯೇ ಹೊರಟಿತು. ಚೀಲಕ್ಕೆ ಸಿಕ್ಕ ಉಳಿತಾಯ ಶುಲ್ಕಕ್ಕೆ ಸಾಲಲಿಲ್ಲ. ಒಂದು ಆಡನ್ನು ಮಾರಿ ಹುಡುಗ ಓದನ್ನು ಮುಂದುವರಿಸಿದ. ನಾನು ಅವನ ಉತ್ತರ ಪತ್ರಿಕೆಯನ್ನು ಮರಳಿ ತರಿಸಿ, ನನ್ನ ಕೆಂಪು 'ಳೆ'ಯನ್ನು ಹೊಡೆದು, ಅವನ ಲಕಾರವನ್ನು ಸ್ವಸ್ಥಾನದಲ್ಲಿ ಕೂರಿಸಿ, ಕಳೆದ ಎರಡು ಅಂಕಗಳನ್ನು ಕೊಟ್ಟೆ. ಅಂಚಿನ ಹಳೆಯ ಪ್ರಶ್ನೆಯನ್ನು ಅಳಿಸಿ ಹೊಸತೊಂದನ್ನು ಬರೆದೆ. "ಮಳೆ ಕೈಕೊಟ್ಟ ವರ್ಷ ಬೆಲೆ ಚೆನ್ನಾಗಿ ಬರುತ್ತದೆ" ಎಂಬ ವಾಕ್ಯದ ಎದುರಿಗೆ ಈಗ ಇರುವುದು ಒಂದೇ ಪದ:

"ಯಾರಿಗೆ?"